ರೇನ್‌ಕೋಟ್ ಒಳಗಿನ ಚಾಕು

ಹೋದ ಸಂಚಿಕೆಯಲ್ಲಿ ಅಡಿಕೆ ಸುಲಿಯುವ ಕತ್ತಿ ಮಸೆಯುವುದು ಹೇಗೆ ಅಂತ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅಡಿಕೆ ಬಗ್ಗೆ ಕೇಳಿದವರು ಇಬ್ಬರೇ. ಉಳಿದವರಿಗೆಲ್ಲ ಬೇಕಾಗಿದ್ದು ಚಾಕು, ಅದರಲ್ಲೂ ಆ ಕಪ್ಪು ಬಣ್ಣದ, ಮಡಚುವ, ಹೆಸರಿನ ಮುಂದೆ ‘ಟ್ಯಾಕ್ಟಿಕಲ್’ (ಕಾದಾಟಕ್ಕೆ ಆಗುವಂಥದ್ದು) ಅಂತ ಅಂಟಿಸಿಕೊಂಡ ಚಾಕು. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಶಿವಮೊಗ್ಗದಲ್ಲಿ ಕೆಲಸ ಮಾಡ್ತೀನಿ. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದರ ಮೇಲೆ ಬೈಕಲ್ಲಿ ಊರಿಗೆ ವಾಪಸ್. ಗಾಜನೂರು ದಾಟಿದ ಮೇಲೆ ಕಾಡು, ಜನ ಇರಲ್ಲ. ಆತ್ಮರಕ್ಷಣೆಗೆ ಒಂದು ಟ್ಯಾಕ್ಟಿಕಲ್ ಚಾಕು ತಗೊಳ್ಳೋಣ ಅಂತಿದ್ದೀನಿ. ಬಜೆಟ್ ಮೂರು ಸಾವಿರ. ನಿಮ್ಮ ಫೇವರಿಟ್ ಯಾವುದು? ಒಂದೇ ಹೆಸರು ಹೇಳಿ ಸಾಕು.
(ಮಂಡಗದ್ದೆ ಕಡೆಯ ಓದುಗರು)

ಉತ್ತರ: ಹೆಸರು ಹೇಳ್ತೀನಿ, ಸ್ವಲ್ಪ ತಡೆಯಿರಿ. ಚಾಕು ಹುಚ್ಚು ನನಗೂ ಇದೆ. ಮನೆಯಲ್ಲಿ ಲೆಕ್ಕಕ್ಕೆ ಸಿಗುವುದೇ ಹದಿನಾಲ್ಕು, ಸಿಗದೇ ಇರುವುದು ಎಷ್ಟು ಅಂತ ಹೆಂಡತಿಗೆ ಗೊತ್ತು. ಹಾಗಾಗಿ ಚಾಕು ಯಾಕೆ ಬೇಕು ಅಂತ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನನ್ನ ತಕರಾರು ಇರುವುದು ನೀವು ಬರೆದ ‘ಆತ್ಮರಕ್ಷಣೆ’ ಅನ್ನುವ ಒಂದು ಪದದ ಮೇಲೆ.

ಹೋದ ಮಳೆಗಾಲದಲ್ಲಿ ನನ್ನ ಅಕ್ಕನ ಮಗ ನಿಮ್ಮ ಹಾಗೇ ಯೋಚನೆ ಮಾಡಿ ಒಂದು ಚಾಕು ತರಿಸಿಕೊಂಡಿದ್ದ. ಒಂದೇ ಕೈಯಲ್ಲಿ ಬಿಚ್ಚಬಹುದು, ಜೇಬಿಗೆ ಸಿಕ್ಕಿಸಲು ಕ್ಲಿಪ್ಪೂ ಇದೆ. ಟಕ್ ಅಂತ ಬಿಚ್ಚಿ ತೋರಿಸಿದ. ಚೆನ್ನಾಗಿಯೇ ಬಿಚ್ಚಿದ. ನನಗೆ ಒಂದು ಹಳೇ ಲೇಖನ ನೆನಪಾಯಿತು. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಡೆನಿಸ್ ಟ್ಯೂಲರ್ ಎಂಬ ಪೊಲೀಸ್ ಅಧಿಕಾರಿ ಬರೆದದ್ದು. ಚಾಕು ಹಿಡಿದವನು 21 ಅಡಿ ದೂರದಿಂದ ಓಡಿ ಬಂದರೆ ಸುಮಾರು ಒಂದೂವರೆ ಸೆಕೆಂಡಿನಲ್ಲಿ ಮೈಮೇಲೆ ಇರುತ್ತಾನೆ, ಸೊಂಟದ ಪಿಸ್ತೂಲು ತೆಗೆದು ಗುಂಡು ಹಾರಿಸಲು ಪಳಗಿದ ಪೊಲೀಸನಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು ಅಂತ ಅದರ ಸಾರ.

ಪಿಸ್ತೂಲು ನಮ್ಮಲ್ಲಿರಲಿಲ್ಲ, ಅಂಗಳ ಇತ್ತು. ಮಳೆಗಾಲದಲ್ಲಿ ಅಡಿಕೆ ಒಣಗಿಸುವ ಅಂಗಳ ಖಾಲಿಯೇ ತಾನೆ. ಪಾಚಿ ಕಟ್ಟಿದ ಜಾಗ ಬಿಟ್ಟು 21 ಅಡಿ ಅಳೆದೆವು. ನಿಜವಾದ ಚಾಕು ಒಳಗಿಟ್ಟು ಇಬ್ಬರೂ ಒಂದೊಂದು ಕೆಂಪು ಸ್ಕೆಚ್ ಪೆನ್ ಹಿಡಿದೆವು, ಮೇಲೆ ಬಿಳೀ ಬನಿಯನ್. ಪೆನ್ನಿನ ಕ್ಯಾಪ್ ತೆಗೆಯುವುದೇ ಚಾಕು ಬಿಚ್ಚುವುದಕ್ಕೆ ಸಮ ಅಂತ ಒಪ್ಪಂದ. ಅವನ ಪೆನ್ನು ಪ್ಯಾಂಟಿನ ಜೇಬಿನಲ್ಲಿ, ಅದರ ಮೇಲೆ ಬೈಕಿನಲ್ಲಿ ಹಾಕುವ ರೇನ್‌ಕೋಟ್. ಯಾಕಂದ್ರೆ ಜೂನ್‌ನಿಂದ ಅಕ್ಟೋಬರ್ ತನಕ ನಮ್ಮ ಕಡೆ ಮನುಷ್ಯ ಓಡಾಡುವುದೇ ಹಾಗೆ. ನಾನು ಐವತ್ತೇಳರ ಮುದುಕ, ಮಂಡಿ ನೋವು ಬೇರೆ. ಓಡಿದೆ.

ಮೊದಲ ಸಲ ಅವನ ಕೈ ರೇನ್‌ಕೋಟಿನ ಅಂಚಿನಲ್ಲೇ ಇತ್ತು. ಎರಡನೇ ಸಲ ಪೆನ್ನು ಹೊರಗೆ ಬಂತು, ಕ್ಯಾಪ್ ಬರಲಿಲ್ಲ. ಮೂರನೇ ಸಲ ಪೆನ್ನೇ ಕೈಜಾರಿ ಚರಂಡಿಗೆ ಹೋಯಿತು. ಕೊನೆಗೆ, ಆಯ್ತು ಮಾರಾಯ, ರೇನ್‌ಕೋಟ್ ತೆಗೆದು, ಪೆನ್ನನ್ನು ಮೊದಲೇ ಬಿಚ್ಚಿ ಹಿಡ್ಕೊಂಡೇ ನಿಂತ್ಕೋ ಅಂದೆ. ಆಗ ನನ್ನ ಬನಿಯನ್ ಮೇಲೆ ನಾಲ್ಕು ಗೆರೆ, ಅವನ ಬನಿಯನ್ ಮೇಲೆ ಮೂರು, ಇಬ್ಬರ ಮುಂಗೈಯಲ್ಲೂ ಎಣಿಸಲಾಗದಷ್ಟು. ಒಳಗಿಂದ ಬಂದ ಹೆಂಡತಿ ನೋಡಿ, ಸೋತಿದ್ದು ನಾನು, ಒಗೆಯೋಳು ನಾನೇ ಅಲ್ವಾ ಅಂದಳು.

ಚಾಕು ಗುರಾಣಿಯಲ್ಲ, ವಿಷಯ ಅಷ್ಟೇ. ಎದುರಿನವನ ಕೈಯನ್ನು ಅದು ತಡೆಯುವುದಿಲ್ಲ. ಗಾಯವಾದವನು ಸಿನಿಮಾದಲ್ಲಿ ಬಿದ್ದ ಹಾಗೆ ತಕ್ಷಣ ಬೀಳುವುದೂ ಇಲ್ಲ, ದೊಡ್ಡ ಗಾಯವಾಗಿದ್ದರೂ ತನಗೆ ಏನಾಗಿದೆ ಅಂತ ಗೊತ್ತಾಗುವ ಮೊದಲು ನಿಮ್ಮನ್ನು ನೋಯಿಸಲು ಅವನಿಗೆ ಬೇಕಾದಷ್ಟು ಹೊತ್ತು ಇರುತ್ತದೆ. ಮಡಚುವ ಚಾಕುಗಳಲ್ಲಿ ಬಹಳಷ್ಟಕ್ಕೆ ಹಿಡಿಯ ಮುಂದೆ ತಡೆ ಇರುವುದಿಲ್ಲ. ಒದ್ದೆ ಕೈಯಲ್ಲಿ ಜೋರಾಗಿ ಚುಚ್ಚಿದರೆ, ಮೊನೆ ಗಟ್ಟಿ ವಸ್ತುವಿಗೆ ತಾಗಿದ ಕೂಡಲೇ ಕೈ ಮುಂದೆ ಜಾರಿ ಬೆರಳು ಅಲಗಿನ ಮೇಲೆ. ಇನ್ನು ಅಲಗನ್ನು ಹಿಡಿದು ನಿಲ್ಲಿಸುವ ಲಾಕ್. ಲೈನರ್ ಲಾಕ್ ಅಂದರೆ ಒಳಗಿರುವ ಒಂದು ತೆಳು ತಗಡು ಸ್ಪ್ರಿಂಗಿನ ಹಾಗೆ ಸರಿದು ಅಲಗಿನ ಹಿಂಭಾಗಕ್ಕೆ ಒತ್ತಿ ನಿಲ್ಲುವುದು. ಜೇಬಿನ ದಾರ, ಮಣ್ಣು ತುಂಬಿಕೊಂಡರೆ ಅದು ಪೂರ್ತಿ ಕೂರುವುದಿಲ್ಲ. ನನ್ನ ಬಲಗೈ ತೋರುಬೆರಳಿನಲ್ಲಿ ಹೊಲಿಗೆ ಗುರುತು ಇರುವುದು ಯಾವ ಕಳ್ಳನಿಂದಲೂ ಅಲ್ಲ, ಹಾಗೆ ಮಡಚಿಕೊಂಡ ನನ್ನದೇ ಚಾಕುವಿನಿಂದ. ಗೇಟಿನ ಹಗ್ಗ ಕೊಯ್ಯುತ್ತಿದ್ದೆ.

ನಿಮ್ಮ ದಾರಿ ನನಗೆ ಗೊತ್ತು. ಅಲ್ಲಿ ನಿಮಗೆ ನಿಜವಾಗಿ ಎದುರಾಗುವುದು ಗುಂಡಿ, ದಾಟುವ ಕಡವೆ, ಹೆಡ್‌ಲೈಟ್ ಇಲ್ಲದ ಟ್ರ್ಯಾಕ್ಟರು. ಯಾರಾದರೂ ಅಡ್ಡ ನಿಂತರೆ ನಿಮ್ಮ ಬಲಗೈಯಲ್ಲಿ ಆಗಲೇ ಆಕ್ಸಿಲರೇಟರ್ ಇದೆ, ಅದನ್ನು ಬಿಟ್ಟು ಜೇಬು ತಡಕುತ್ತೀರಾ? ಫೋನ್ ಕೇಳಿದರೆ ಕೊಡಿ. ಹೊರಡುವ ಮುಂಚೆ ಮನೆಗೆ ಹೇಳಿ, ಫೋನ್ ಚಾರ್ಜ್ ಇರಲಿ, 112 ನೆನಪಿರಲಿ. ಆ ಮೂರು ಸಾವಿರದಲ್ಲಿ ಮೊದಲು ಒಂದು ಒಳ್ಳೇ ಟಾರ್ಚು ಮತ್ತು ಪಂಕ್ಚರ್ ಕಿಟ್ ತಗೊಳ್ಳಿ. ಉಳಿದ ದುಡ್ಡಿಗೆ ಚಾಕು. ಅದರ ಹೆಸರು ಭದ್ರಾವತಿಯವರಿಗೆ ಕೊಟ್ಟ ಉತ್ತರದಲ್ಲಿದೆ.

ಪ್ರಶ್ನೆ: ಒಂಬತ್ತು ಇಂಚಿಗಿಂತ ಚಿಕ್ಕ ಚಾಕುವಿಗೆ ಲೈಸೆನ್ಸ್ ಬೇಡ, ಜೇಬಲ್ಲಿಟ್ಕೊಂಡು ಓಡಾಡಬಹುದು ಅಂತ ಅಂಗಡಿಯವರು ಹೇಳಿದ್ರು. ನಿಜಾನಾ?
(ಸಾಗರದ ಓದುಗರು)

ಉತ್ತರ: ಅರ್ಧ ನಿಜ. ಆ ಒಂಬತ್ತು ಇಂಚು ಬಂದಿದ್ದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗಿನ 2016ರ ನಿಯಮಗಳಿಂದ. ಅಲ್ಲಿನ ಆಯುಧಗಳ ಪಟ್ಟಿಯಲ್ಲಿ ಖಡ್ಗ, ಡ್ಯಾಗರ್, ಬಯೊನೆಟ್, ಭರ್ಜಿ ಇವನ್ನು ಹೆಸರು ಹಿಡಿದೇ ಬರೆದು, ಜೊತೆಗೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳನ್ನೂ ಸೇರಿಸಿದ್ದಾರೆ. ಮನೆಗೆಲಸ, ಬೇಸಾಯ, ಕೈಗಾರಿಕೆ, ವಿಜ್ಞಾನದ ಕೆಲಸಕ್ಕೆಂದು ಮಾಡಿದವು ಮಾತ್ರ ಹೊರಗೆ. ಅದಕ್ಕೇ ತೋಟಕ್ಕೆ ಹೊರಟವನ ಸೊಂಟದ ಕೊಕ್ಕೆಯಲ್ಲಿ ಒಂದಡಿ ಕತ್ತಿ ನೇತಾಡಿದರೂ ಯಾರೂ ಕೇಳುವುದಿಲ್ಲ. ಅದೇ ಕತ್ತಿ ರಾತ್ರಿ ನೆಹರೂ ರೋಡಿನಲ್ಲಿ ಬೈಕ್ ಸೀಟಿನ ಕೆಳಗೆ ಸಿಕ್ಕರೆ ಕಥೆ ಬೇರೆ. ಎಲ್ಲ ಊರಿನ ಅಳತೆಯೂ ಒಂದೇ ಅಲ್ಲ. ದೆಹಲಿಯಲ್ಲಿ 1980ರ ಅಧಿಸೂಚನೆ ಪ್ರಕಾರ ಬಟನ್ ಚಾಕುವಿನ ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದರೆ ಕೇಸು. ಚುನಾವಣೆ, ಗಣಪತಿ ಮೆರವಣಿಗೆ ಅಂತ ನಿಷೇಧಾಜ್ಞೆ ಇದ್ದಾಗ ಆಯುಧ ಹಿಡಿದು ಓಡಾಡಬಾರದು ಅಂತ ಅದರಲ್ಲೇ ಬರೆದಿರುತ್ತಾರೆ. ಆಗ ನಿಮ್ಮ ಇಂಚು ಪಟ್ಟಿ ತೋರಿಸಿ ವಾದ ಮಾಡಬೇಡಿ.

ಲೈಸೆನ್ಸಿಗಿಂತ ದೊಡ್ಡ ವಿಷಯ ಇನ್ನೊಂದಿದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರ 34ರಿಂದ 44ನೇ ಕಲಂ ಆತ್ಮರಕ್ಷಣೆಯದು. ಹಕ್ಕು ಇದೆ, ಗಟ್ಟಿಯಾಗಿಯೇ ಇದೆ. ಜೀವಕ್ಕೆ ಅಪಾಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ ಇಂಥ ಹೊತ್ತಿನಲ್ಲಿ ಎದುರಿನವನ ಪ್ರಾಣ ಹೋದರೂ ಅದು ಅಪರಾಧವಾಗದೇ ಇರಬಹುದು ಅಂತ 38ನೇ ಕಲಂ ಹೇಳುತ್ತದೆ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಪಾಯದಲ್ಲಿದ್ದವನ ನಡೆಯನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಅಂತಲೇ ಹೇಳಿತ್ತು. ಆದರೆ 37ನೇ ಕಲಮಿನಲ್ಲಿ ಎರಡು ಕಟ್ಟು ಇವೆ. ಬೇಕಾದದ್ದಕ್ಕಿಂತ ಜಾಸ್ತಿ ನೋವು ಮಾಡುವ ಹಾಗಿಲ್ಲ, ಪೊಲೀಸರ ನೆರವು ಪಡೆಯುವಷ್ಟು ಹೊತ್ತು ಇದ್ದರೆ ಈ ಹಕ್ಕೇ ಇಲ್ಲ. ಆತ್ಮರಕ್ಷಣೆಗೇ ಮಾಡಿದ್ದು ಅಂತ ಕೋರ್ಟಿಗೆ ತೋರಿಸಿಕೊಡಬೇಕಾದವರೂ ನೀವೇ.

ಈಗ ಯೋಚಿಸಿ. ಬರಿಗೈಯವನು ಕಾಲರ್ ಹಿಡಿದ, ನೀವು ಚಾಕು ಹಾಕಿದಿರಿ. ಹರಿತವಾದ ಆಯುಧದಿಂದ ಗಾಯ ಮಾಡಿದ್ದಕ್ಕೆ 118ನೇ ಕಲಂ ಇದೆ, ಗಾಯ ತೀವ್ರವಾಗಿದ್ದರೆ ಜೀವಾವಧಿವರೆಗೂ ಹೋಗುವಂಥದ್ದು. ಯಾಕೆ ಇಟ್ಕೊಂಡಿದ್ದೆ ಅಂತ ಕೇಳಿದಾಗ ‘ಯಾರಾದ್ರೂ ಬಂದ್ರೆ ಇರ್ಲಿ ಅಂತ’ ಅಂದರೆ, ಅದನ್ನು ಆಯುಧ ಅಂತ ನೀವೇ ಒಪ್ಪಿಕೊಂಡ ಹಾಗಾಯಿತು.

ಪ್ರಶ್ನೆ: ಕಾರ್ಖಾನೆಯಿಂದ ನಿವೃತ್ತ. ಟ್ಯಾಕ್ಟಿಕಲ್ ಅನ್ನೋದು ಬರೀ ಬಣ್ಣವೋ, ಉಕ್ಕಿನಲ್ಲೂ ವ್ಯತ್ಯಾಸ ಉಂಟೋ? ಮಲೆನಾಡಿನ ಮಳೆಗೆ ಯಾವ ಉಕ್ಕು ತಡೆಯುತ್ತೆ?
(ಭದ್ರಾವತಿಯ ಓದುಗರು)

ಉತ್ತರ: 1923ರಿಂದ ಕಬ್ಬಿಣ ಕರಗಿಸಿದ ಊರಿನವರು ನನ್ನ ಹತ್ತಿರ ಉಕ್ಕಿನ ಬಗ್ಗೆ ಕೇಳುತ್ತಿದ್ದೀರಿ, ಖುಷಿಯಾಯಿತು, ಸ್ವಲ್ಪ ಹೆದರಿಕೆಯೂ ಆಯಿತು.

ಟ್ಯಾಕ್ಟಿಕಲ್ ಅಂದರೆ ಹೆಚ್ಚಿನ ಪಾಲು ಬಣ್ಣವೇ. ನಿಜವಾಗಿ ಕಾದಾಟಕ್ಕೇ ಮಾಡಿದ ಚಾಕು ನೋಡಬೇಕು ಅಂದರೆ 1941ರ ಫೇರ್‌ಬೇರ್ನ್-ಸೈಕ್ಸ್ ನೋಡಿ. ಬ್ರಿಟಿಷ್ ಕಮಾಂಡೋಗಳಿಗೆ ಅಂತ ಶಾಂಘೈ ಪೊಲೀಸ್‌ನಲ್ಲಿದ್ದ ಇಬ್ಬರು ರೂಪಿಸಿದ್ದು. ಎರಡೂ ಕಡೆ ಹರಿತದ ಬಾಯಿ, ಸಪೂರ, ಸೂಜಿ ಮೊನೆ. ಅದರಲ್ಲಿ ಒಂದು ಹಲಸಿನ ಸೊಳೆಯನ್ನೂ ನೆಟ್ಟಗೆ ಬಿಡಿಸಲಾಗದು. ಅದೇ ಯುದ್ಧಕಾಲದ ಅಮೆರಿಕದ ಕಾ-ಬಾರ್, 1942ರದ್ದು, 7 ಇಂಚು ಅಲಗು. ಅದು ಹೆಸರು ಮಾಡಿದ್ದು ಕಾದಾಟಕ್ಕಷ್ಟೇ ಅಲ್ಲ, ಡಬ್ಬಿ ಬಿಚ್ಚುವುದು, ಸೌದೆ ಸೀಳುವುದು, ಗುಂಡಿ ತೋಡುವುದು ಎಲ್ಲಕ್ಕೂ ಒದಗಿದ್ದಕ್ಕೆ. ಒಂದೇ ಕೈಯಲ್ಲಿ ಬಿಚ್ಚಲು ಈಗ ಅಲಗಿನಲ್ಲಿ ಕಾಣುವ ದುಂಡು ತೂತು, ಜೇಬಿನ ಕ್ಲಿಪ್ಪು ಎರಡೂ ಒಟ್ಟಿಗೆ ಬಂದಿದ್ದು ಅಮೆರಿಕದ ಸ್ಪೈಡರ್ಕೊ ಕಂಪನಿಯ 1981ರ ಚಾಕುವಿನಲ್ಲಿ. ಅದರ ಹೆಸರೇ ‘ವರ್ಕರ್’. ಕೆಲಸಗಾರನ ಚಾಕುವಿಗೆ ಆಮೇಲೆ ಕಪ್ಪು ಬಳಿದರು ಅಷ್ಟೇ.

ಉಕ್ಕಿಗೆ ಬರೋಣ. ಮಲೆನಾಡಿನಲ್ಲಿ ಚಾಕುವಿನ ಶತ್ರು ಬೇರೆ ಯಾರೂ ಅಲ್ಲ, ಶೀತ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಬೀಳುವ ಜಾಗದಲ್ಲಿ ಒರೆಯೊಳಗಿಟ್ಟ ಕತ್ತಿಗೂ ತುಕ್ಕು ಬರುತ್ತದೆ. ಒರೆಯೊಳಗೆ ಇಟ್ಟಿದ್ದಕ್ಕೇ ಬರುತ್ತದೆ ಅನ್ನಬೇಕು, ಯಾಕಂದ್ರೆ ಚರ್ಮ ನೀರು ಹಿಡಿದಿಟ್ಟುಕೊಳ್ಳುತ್ತದೆ, ಚರ್ಮ ಹದ ಮಾಡಿದ ರಾಸಾಯನಿಕವೂ ಅಲಗಿಗೆ ಒಳ್ಳೆಯದಲ್ಲ. ಆನ್‌ಲೈನಿನಲ್ಲಿ ಎಲ್ಲರೂ ಹೊಗಳುವ ಡಿ2 ಉಕ್ಕಿನಲ್ಲಿ ಕ್ರೋಮಿಯಂ ಸುಮಾರು 12 ಶೇಕಡಾ ಇದ್ದರೂ ಇಂಗಾಲ ಒಂದೂವರೆ ಶೇಕಡಾ ಇರುವುದರಿಂದ ಕ್ರೋಮಿಯಂನ ಒಂದಷ್ಟು ಪಾಲು ಆ ಇಂಗಾಲದ ಜೊತೆ ಸೇರಿ ಕಾರ್ಬೈಡ್ ಎಂಬ ಗಟ್ಟಿ ಕಣವಾಗಿ ಕೂತುಬಿಡುತ್ತದೆ, ತುಕ್ಕು ತಡೆಯಲು ಉಳಿಯುವುದು ಕಮ್ಮಿ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹರಿತ ಬಹಳ ದಿನ ನಿಲ್ಲುತ್ತದೆ, ಆದರೆ ಮೊಂಡಾದ ಮೇಲೆ ಮನೆಯ ಮಸೆಗಲ್ಲಿಗೆ ಬಗ್ಗುವುದಿಲ್ಲ. ಸ್ವೀಡನ್ನಿನ 14ಸಿ28ಎನ್ ಎಂಬ ಉಕ್ಕಿನಲ್ಲಿ ಇಂಗಾಲ 0.62 ಶೇಕಡಾ, ಕ್ರೋಮಿಯಂ 14, ಜೊತೆಗೆ ಚೂರು ಸಾರಜನಕ. ನಮ್ಮ ಹವೆಗೆ ನನ್ನ ಮತ ಅದಕ್ಕೆ. ಸಾಧಾರಣ 420ಎಚ್‌ಸಿ ಸಿಕ್ಕರೂ ಸಾಕು, ಬೇಗ ಮೊಂಡಾಗುತ್ತದೆ, ಐದು ನಿಮಿಷದಲ್ಲಿ ಮಸೆದುಕೊಳ್ಳಬಹುದು.

ಮರದ ಹಿಡಿಯ ಮಡಚು ಚಾಕು ನೋಡಲು ಚೆಂದ. ನನ್ನ ಹತ್ತಿರ ಒಂದಿದೆ. ಜುಲೈ ಬಂತು ಅಂದರೆ ಮರ ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ, ದೀಪಾವಳಿ ತನಕ ಬಿಚ್ಚುವುದಿಲ್ಲ. ಅದನ್ನು ನಂಬಿ ಆತ್ಮರಕ್ಷಣೆಗೆ ಹೊರಟರೆ ಕಳ್ಳನನ್ನು ದೀಪಾವಳಿಗೆ ಬರಲು ಹೇಳಬೇಕು.

ಮಂಡಗದ್ದೆಯವರೇ, ನೀವು ಕೇಳಿದ ಒಂದು ಹೆಸರು: ಮೋರಾ. ಸ್ವೀಡನ್ನಿನದು, ಮಡಚುವುದಿಲ್ಲ, ಅಲಗು ಸುಮಾರು 4 ಇಂಚು, ರಬ್ಬರಿನ ಹಿಡಿ ಒದ್ದೆ ಕೈಗೂ ಜಾರುವುದಿಲ್ಲ, ಪ್ಲಾಸ್ಟಿಕ್ ಒರೆಯಲ್ಲಿ ನೀರು ನಿಲ್ಲುವುದಿಲ್ಲ. ಸ್ಟೇನ್‌ಲೆಸ್ಸೇ ತಗೊಳ್ಳಿ. ನೋಡಲು ಮಕ್ಕಳ ಆಟಿಕೆ ಥರ ಇರುತ್ತದೆ, ಇದೇನಾ ಟ್ಯಾಕ್ಟಿಕಲ್ ಅಂತ ಗೆಳೆಯರು ನಗುತ್ತಾರೆ, ನಗಲಿ. ಇದು ಬೈಕ್ ಬ್ಯಾಗಿನಲ್ಲಿ ಹಗ್ಗ, ಪೈಪು, ಮುರಿದು ಬಿದ್ದ ಕೊಂಬೆಯ ಎಲೆ ಸವರಲು. ಜೇಬಿಗೆ ಬೇಕಾದರೆ ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಚಿಕ್ಕ ಚಾಕು ಸಾಕು.

ಮನಸ್ಸಿಗೆ ಹತ್ತಿರದ್ದು ಬೇರೆ. ನಮ್ಮೂರ ಕುಲುಮೆಯಲ್ಲಿ ಜೀಪಿನ ಹಳೇ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿಸಿದ ಕೈಗತ್ತಿ. ಆಚಾರ್ರು ಹದ ನೋಡುವುದು ಬಣ್ಣದಲ್ಲಿ. ಕಾಯಿಸಿ ಅದ್ದಿದ ಮೇಲೆ ಮತ್ತೆ ಮೆಲ್ಲಗೆ ಬಿಸಿ ಮಾಡುತ್ತಾ ಉಜ್ಜಿದ ಬಾಯಿ ಹುಲ್ಲಿನ ಬಣ್ಣಕ್ಕೆ ತಿರುಗುವುದನ್ನು ಕಾಯುತ್ತಾರೆ, ನೀಲಿಗೆ ಹೋದರೆ ಬಾಯಿ ಮೆತ್ತಗಾಯಿತು ಅಂತ. ಆ ಉಕ್ಕಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ, ನಿಜ. ಆದರೆ ಹಸಿ ಅಡಿಕೆ ಕೊಯ್ದು ಕೊಯ್ದು ಚೊಗರು ಹತ್ತಿ ಅಲಗು ಕಪ್ಪಾಗುತ್ತದಲ್ಲ, ಅದು ಅಡಿಕೆಯ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆದ ಪದರ, ತುಕ್ಕನ್ನು ಒಂದಿಷ್ಟು ನಿಧಾನ ಮಾಡುತ್ತದೆ. ಮೇಲೆ ಒಂದು ಕೈ ಕೊಬ್ಬರಿ ಎಣ್ಣೆ. ಅಂಗಡಿಯ ಕಪ್ಪು ಬಣ್ಣಕ್ಕಿಂತ ಈ ಕಪ್ಪೇ ನನಗೆ ಚೆಂದ.

ಪ್ರಶ್ನೆ: ಮಗಳು ಶಿವಮೊಗ್ಗದಲ್ಲಿ ಪಿಜಿಯಲ್ಲಿದ್ದು ಓದ್ತಾಳೆ. ಬ್ಯಾಗಲ್ಲಿ ಒಂದು ಸಣ್ಣ ಚಾಕು ಇಟ್ಟು ಕಳಿಸಲಾ?
(ಹೊಸನಗರದ ತಾಯಿ)

ಉತ್ತರ: ಹಣ್ಣು ಹೆಚ್ಚಲು ಇಟ್ಟು ಕಳಿಸಿ. ರಕ್ಷಣೆಗೆ ಬೇಡ. ಬ್ಯಾಗಿನ ತಳದಲ್ಲಿ ಪುಸ್ತಕದ ಕೆಳಗಿರುವ ಚಾಕು ಹುಡುಕುವ ಹೊತ್ತಿನಲ್ಲಿ ಅವಳು ಇನ್ನೊಂದು ಬೀದಿಗೆ ಓಡಿರಬಹುದು. ಅವಳಿಗಿಂತ ಬಲ ಜಾಸ್ತಿ ಇರುವವನು ಕಿತ್ತುಕೊಂಡರೆ ಏನು ಗತಿ ಅಂತಲೂ ನೋಡಬೇಕು. ಪೆಪ್ಪರ್ ಸ್ಪ್ರೇ ವಾಸಿ, ಒಂದಿಷ್ಟು ದೂರದಿಂದಲೇ ಕೆಲಸ ಮಾಡುತ್ತದೆ, ತಪ್ಪಿಸಿಕೊಳ್ಳಲು ಸಮಯ ಸಿಗುತ್ತದೆ. ಅದು ಕೂಡ ಸುಮ್ನೆ ಜಗಳಕ್ಕೆ ಬಳಸುವಂಥದ್ದಲ್ಲ. 2024ರಲ್ಲಿ ನಮ್ಮ ಹೈಕೋರ್ಟು ಒಂದು ತಕರಾರಿನ ಪ್ರಕರಣದಲ್ಲಿ ಪೆಪ್ಪರ್ ಸ್ಪ್ರೇಯೂ ಅಪಾಯಕಾರಿ ಆಯುಧವೇ ಅಂತ ಹೇಳಿ ಸ್ಪ್ರೇ ಹೊಡೆದವರ ಮೇಲಿನ ಕೇಸು ರದ್ದು ಮಾಡಲು ಒಪ್ಪಲಿಲ್ಲ. ಕೈಗೆ ಸಿಗುವ ಹೊರ ಜೇಬಿನಲ್ಲಿರಲಿ, ಒಂದು ಸಲ ಖಾಲಿ ಜಾಗದಲ್ಲಿ, ಗಾಳಿ ಯಾವ ಕಡೆ ಅಂತ ನೋಡಿಕೊಂಡು ಹೊಡೆದು ನೋಡಲಿ. ಫೋನಿನಲ್ಲಿ ಎಸ್‌ಒಎಸ್ (ತುರ್ತು ಕರೆ) ಸೆಟ್ ಮಾಡಿಕೊಡಿ. ಅದು ಐದು ನಿಮಿಷದ ಕೆಲಸ, ನೀವೇ ಕೂತು ಮಾಡಿಸಿ.

ಪ್ರಶ್ನೆ: ಕೊಡಚಾದ್ರಿ ಚಾರಣಕ್ಕೆ ದೊಡ್ಡ ಸರ್ವೈವಲ್ ಚಾಕು ಒಯ್ಯಬೇಕಾ?
(ಶಿವಮೊಗ್ಗದ ಕಾಲೇಜು ಹುಡುಗರು)

ಉತ್ತರ: ಬೇಡವೇ ಬೇಡ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದಲ್ಲಿದೆ. 1972ರ ವನ್ಯಜೀವಿ ಕಾಯ್ದೆಯ 31ನೇ ಕಲಂ ಪ್ರಕಾರ ಅಭಯಾರಣ್ಯದೊಳಗೆ ಲಿಖಿತ ಅನುಮತಿಯಿಲ್ಲದೆ ಆಯುಧ ಒಯ್ಯುವ ಹಾಗಿಲ್ಲ, ಆ ಕಾಯ್ದೆಯ ಆಯುಧಗಳ ಪಟ್ಟಿಯಲ್ಲಿ ಚಾಕು ಅಂತ ಬರೆದೇ ಇದೆ. ಅಲ್ಲಿ ನಿಮ್ಮ ಮೈಮೇಲೆ ಬರುವುದು ಇಂಬಳ. ಅದಕ್ಕೆ ಉಪ್ಪು ಸಾಕು.

ಪ್ರಶ್ನೆ: ಸೋಗಾನೆಯಿಂದ ವಿಮಾನ ಹತ್ತುವಾಗ ಕೀಚೈನಿನ ಪುಟ್ಟ ಚಾಕು ಬಿಡ್ತಾರಾ?

ಉತ್ತರ: ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಿ. ತಂಗಿ ಕೊಟ್ಟ ಒಂದು ಚಾಕುವನ್ನು ಬೇರೊಂದು ವಿಮಾನ ನಿಲ್ದಾಣದ ಡಬ್ಬಿಗೆ ನಾನೇ ಹಾಕಿ ಬಂದಿದ್ದೇನೆ. ತಪ್ಪು ನನ್ನದೇ. ತಂಗಿಗೆ ಇನ್ನೂ ಹೇಳಿಲ್ಲ, ಈಗ ಓದುತ್ತಾಳೆ.

ಪ್ರಶ್ನೆ: ಸುಲಿಯುವಾಗ ಕೈ ಕೊಯ್ದರೆ ನಮ್ಮಲ್ಲಿ ಕಾಫಿಪುಡಿ ತುಂಬ್ತಾರೆ. ಸರೀನಾ?
(ತೀರ್ಥಹಳ್ಳಿಯ ಓದುಗರು)

ಉತ್ತರ: ನಮ್ಮಜ್ಜಿಯೂ ತುಂಬುತ್ತಿದ್ದರು. ಬೇಡ. ಡಾಕ್ಟರು ಹೊಲಿಗೆ ಹಾಕುವ ಮುಂಚೆ ಆ ಪುಡಿಯನ್ನೆಲ್ಲ ಕೆದಕಿ ತೆಗೆಯಬೇಕು, ಅದರ ನೋವು ಬೇರೆ. ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹತ್ತು ನಿಮಿಷ, ಮಧ್ಯ ಮಧ್ಯ ನಿಂತಿತಾ ಅಂತ ತೆಗೆದು ನೋಡಬೇಡಿ. ನಾವೆಲ್ಲ ಮಾಡುವ ತಪ್ಪೇ ಅದು. ರಕ್ತ ಚಿಮ್ಮುತ್ತಿದ್ದರೆ, ಬೆರಳು ಮಡಚಲು ಬಾರದಿದ್ದರೆ, ತುದಿ ಜುಮ್ಮೆನ್ನುತ್ತಿದ್ದರೆ ನರವೋ ಸ್ನಾಯುರಜ್ಜುವೋ ತುಂಡಾಗಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಚಾಕು ಒಳಗೇ ನೆಟ್ಟುಕೊಂಡಿದ್ದರೆ ಎಳೆಯಬೇಡಿ, ಅಲುಗಾಡದ ಹಾಗೆ ಸುತ್ತಲೂ ಬಟ್ಟೆ ಕಟ್ಟಿ ಕರೆದುಕೊಂಡು ಹೋಗಿ. ಟಿಟಿ ಇಂಜೆಕ್ಷನ್ ತಗೊಂಡು ಎಷ್ಟು ವರ್ಷವಾಯಿತು ಅಂತ ಡಾಕ್ಟರಿಗೆ ಹೇಳಿ.

ಪ್ರಶ್ನೆ: ತಮ್ಮನ ಹುಟ್ಟುಹಬ್ಬಕ್ಕೆ ಚಾಕು ಕೊಡೋಣ ಅಂದ್ರೆ, ಕತ್ತಿ ಕೈಯಿಂದ ಕೈಗೆ ಕೊಟ್ರೆ ಜಗಳ ಆಗುತ್ತೆ ಅಂತ ಅಮ್ಮ ಬಿಡ್ತಿಲ್ಲ. ಇದಕ್ಕೇನು ಹೇಳ್ತೀರಿ?
(ರಿಪ್ಪನ್‌ಪೇಟೆಯ ಓದುಗರು)

ಉತ್ತರ: ಚಾಕು ಕೊಡಿ, ಅಮ್ಮನ ಮಾತೂ ಕೇಳಿ. ಉಪ್ಪು, ಮೆಣಸಿನಕಾಯಿ, ಕತ್ತಿ ಇವನ್ನು ಕೈಗೆ ಕೊಡಬಾರದು ಅಂತ ನಮ್ಮಲ್ಲೂ ಹೇಳುತ್ತಾರೆ. ಜಗಳದ ವಿಷಯ ನನಗೆ ಗೊತ್ತಿಲ್ಲ, ಆದರೆ ಸುಲಿಯುವ ಮನೆಯಲ್ಲಿ ರಾತ್ರಿ ಹತ್ತು ಜನ ಸಾಲಾಗಿ ಕೂತು, ಕಣ್ಣು ಅಡಿಕೆ ಮೇಲೆ, ಬಾಯಿ ಮಾತಿನ ಮೇಲೆ ಇರುವಾಗ ಯಾರೋ ಕೇಳಿದರು ಅಂತ ಕತ್ತಿಯನ್ನು ನೋಡದೇ ಚಾಚಿದರೆ ಏನಾಗುತ್ತದೆ ಅಂತ ಒಂದೆರಡು ಸಲ ನೋಡಿದ್ದೇನೆ. ನಮ್ಮನೆಯಲ್ಲಿ ಈಗಲೂ ನೆಲಕ್ಕಿಡುತ್ತೇವೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಅಕ್ಕನ ಮಗನೂ ತನ್ನ ಕಪ್ಪು ಚಾಕುವನ್ನು ಹಾಗೇ ಅಂಗಳದಲ್ಲಿಟ್ಟು ಹೋದ. ಮಡಚಿ.